ಒಂದು ‘ಉಪನ್ಯಾಸ’, ಹಲವು ಅರ್ಥ: ಭಾಷೆಯಿಂದ ಭಾಷೆಗೆ ಒಂದು ಸಂಸ್ಕೃತ ಪದದ ನಡೆ

‘ಉಪನ್ಯಾಸ’ ಎಂದಾಗ ಕನ್ನಡಿಗರಿಗೆ ನೆನಪಾಗುವುದು ವೇದಿಕೆ, ಮೈಕು, ಎದುರಿಗೆ ಕುಳಿತ ಸಭಿಕರು. ಬಂಗಾಳಿ, ಹಿಂದಿ, ಒಡಿಯಾ, ಅಸ್ಸಾಮಿ, ನೇಪಾಳಿ ಓದುಗರಿಗೆ ಅದೇ ಪದ ಕಾದಂಬರಿ. ಮಲಯಾಳಿ ವಿದ್ಯಾರ್ಥಿಗೆ ಅದು ಪರೀಕ್ಷೆಯಲ್ಲಿ ಬರೆಯುವ ಪ್ರಬಂಧ. ತಮಿಳುನಾಡಿನಲ್ಲಿ ‘ಉಪನ್ಯಾಸಂ’ ಎಂದರೆ ಹೆಚ್ಚಾಗಿ ರಾಮಾಯಣ, ಭಾಗವತಗಳ ಮೇಲೆ ಪಂಡಿತರು ನಡೆಸಿಕೊಡುವ ಪ್ರವಚನ. ತೆಲುಗರು ನಮ್ಮ ಹಾಗೆಯೇ ಭಾಷಣಕ್ಕೆ ಈ ಪದ ಬಳಸುತ್ತಾರೆ. ಸಂಸ್ಕೃತದಿಂದ ಎರವಲು ಬಂದ ಪದಗಳು ಕಾಲಕ್ರಮದಲ್ಲಿ ಸವೆದು, ಜಾರಿ, ಬೇರೆ ಬೇರೆ ಅರ್ಥ ಪಡೆಯುತ್ತವೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಪದದ ವಿಷಯದಲ್ಲಿ ಆ ವಿವರಣೆ ಸಾಲದು. ಇಲ್ಲಿ ಅರ್ಥಗಳು ಜಾರಿದ್ದಕ್ಕಿಂತ ಆಯ್ಕೆಯಾದದ್ದೇ ಹೆಚ್ಚು. ಮುದ್ರಣ, ಶಾಲೆ, ಸಭೆ ಎಲ್ಲವೂ ಒಟ್ಟಿಗೆ ಬಂದ 19ನೇ ಶತಮಾನದಲ್ಲಿ ಪ್ರತಿಯೊಂದು ಭಾಷೆಯೂ ತನಗೆ ಬೇಕಾದ ಕಡೆ ಈ ಪದವನ್ನು ಕೂರಿಸಿಕೊಂಡಿತು ಎಂಬುದು ಈ ಲೇಖನದ ವಾದ.

ಮೊದಲು ಸಂಸ್ಕೃತದ ಮಾತು. ‘ಅಸ್’ ಧಾತುವಿಗೆ ಎಸೆಯುವುದು, ಹಾಕುವುದು ಎಂಬ ಅರ್ಥವಿದೆ. ನ್ಯಾಸ, ವಿನ್ಯಾಸ, ಸಂನ್ಯಾಸ, ಅಭ್ಯಾಸ ಎಲ್ಲವೂ ಈ ಧಾತುವಿನಿಂದ ಹುಟ್ಟಿದವು. ‘ಉಪ’ ಮತ್ತು ‘ನಿ’ ಸೇರಿದಾಗ ಹತ್ತಿರ ತಂದಿಡುವುದು ಎಂದಾಗುತ್ತದೆ. ವಸ್ತುವನ್ನು ತಂದಿಟ್ಟರೆ ಅದು ಒತ್ತೆ, ಠೇವಣಿ. ಮಾತನ್ನು ತಂದಿಟ್ಟರೆ ಅದು ಪ್ರಸ್ತಾಪ, ನಿರೂಪಣೆ. ಮನುಸ್ಮೃತಿಯ 9ನೆಯ ಅಧ್ಯಾಯದಲ್ಲಿ ಮಗ ಯಾರಿಗೆ ಸೇರಿದವನು ಎಂಬ ಚರ್ಚೆ ಶುರುವಾಗುವಾಗ, ಮುಂದೆ ಹೇಳಲಿರುವ ವಿಚಾರವನ್ನು ‘ಉಪನ್ಯಾಸ’ ಎಂದು ಕರೆದಿದೆ. ಅದನ್ನು ಪುಣ್ಯಕರವೆಂದೂ ವಿಶೇಷಿಸಿದೆ. ಬಾದರಾಯಣರ ಬ್ರಹ್ಮಸೂತ್ರಗಳಲ್ಲಿ ಈ ಪದ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಅಲ್ಲಿ ಅದು ಶ್ರುತಿ ಒಂದು ವಿಷಯವನ್ನು ಎತ್ತಿ ಹೇಳಿರುವುದನ್ನು ಸೂಚಿಸುತ್ತದೆ.

ಕಾಳಿದಾಸನ ಪ್ರಯೋಗವನ್ನು ಹತ್ತಿರದಿಂದ ನೋಡಬೇಕು. ಶಾಕುಂತಲದ ಐದನೆಯ ಅಂಕದಲ್ಲಿ, ಶಕುಂತಲೆಯನ್ನು ಕರೆತಂದವರ ಮಾತು ಕೇಳಿ ದುಷ್ಯಂತ ಇದೇನು ಮುಂದಿಡುತ್ತಿದ್ದೀರಿ ಎಂದು ಕೇಳುತ್ತಾನೆ. ಆತ ಬಳಸುವ ಕ್ರಿಯಾರೂಪ ಇದೇ ಪದದ್ದು. ಅವನ ವಚನೋಪನ್ಯಾಸವೇ ಬೆಂಕಿ ಎಂದು ಶಕುಂತಲೆ ಮನಸ್ಸಿನಲ್ಲಿ ಅಂದುಕೊಳ್ಳುತ್ತಾಳೆ. ಒಬ್ಬ ಹೆಣ್ಣಿನ ಬದುಕನ್ನು ಮುರಿಯುವ ಒಂದು ಚಿಕ್ಕ ಪ್ರಶ್ನೆಯೂ ಅಂದಿನ ಸಂಸ್ಕೃತದಲ್ಲಿ ಉಪನ್ಯಾಸವೇ. ನಾಟ್ಯಶಾಸ್ತ್ರದಲ್ಲಿ ಪ್ರತಿಮುಖ ಸಂಧಿಯ ಅಂಗಗಳಲ್ಲಿ ಒಂದಕ್ಕೆ ಈ ಹೆಸರಿದೆ. ಯುಕ್ತಿಗೂಡಿದ ಮಾತು ಅದರ ಲಕ್ಷಣ. ಕಾಮಂದಕನ ನೀತಿಸಾರ ರಾಜರ ನಡುವಿನ ಹದಿನಾರು ಬಗೆಯ ಸಂಧಿಗಳನ್ನು ಹೇಳುವಾಗ, ಒಂದೇ ಉದ್ದೇಶದ ಸಾಧನೆಗಾಗಿ ಮಾಡಿಕೊಳ್ಳುವ ಒಪ್ಪಂದವನ್ನು ‘ಉಪನ್ಯಾಸ’ ಎನ್ನುತ್ತದೆ. ಇಷ್ಟು ಅರ್ಥಗಳ ನಡುವೆ ದೀರ್ಘವಾದ ಗದ್ಯಕಥನದ ಸುಳಿವಿಲ್ಲ. ಅದಕ್ಕೆ ಭಾಮಹ, ದಂಡಿಗಳ ಕಾಲಕ್ಕಾಗಲೇ ‘ಕಥಾ’, ‘ಆಖ್ಯಾಯಿಕಾ’ ಎಂಬ ಹೆಸರುಗಳು ಸಿದ್ಧವಾಗಿದ್ದವು.

ಹಾಗಿದ್ದರೆ ಬಂಗಾಳಿಗಳು ಆ ಹೆಸರುಗಳನ್ನು ಬಿಟ್ಟು ಉಪನ್ಯಾಸವನ್ನೇ ಏಕೆ ಎತ್ತಿಕೊಂಡರು? ಅರೇಬಿಯನ್ ನೈಟ್ಸ್‌ಗೆ ಬಂಗಾಳಿಯಲ್ಲಿ ಇರುವ ಹೆಸರಿನಲ್ಲಿ ಇದಕ್ಕೆ ಒಂದು ಎಳೆ ಸಿಗುತ್ತದೆ: ‘ಆರಬ್ಯ ಉಪನ್ಯಾಸ್’. ಶಹರಜಾದೆ ರಾತ್ರಿರಾತ್ರಿಯೂ ಹೇಳಿದ ಸ್ವಾರಸ್ಯದ ಕಥೆಗಳಿಗೆ ಈ ಪದ ಒಗ್ಗಿದೆ ಎಂದರೆ, ‘ಮುಂದಿಟ್ಟ ಮಾತು’ ಅಲ್ಲಿ ‘ಕಟ್ಟಿ ಹೇಳಿದ ಕಥೆ’ ಎಂಬ ಮಧ್ಯದ ಮೆಟ್ಟಿಲನ್ನು ಹತ್ತಿತ್ತು. ಭೂದೇವ ಮುಖೋಪಾಧ್ಯಾಯರು ‘ಐತಿಹಾಸಿಕ ಉಪನ್ಯಾಸ್’ ಎಂಬ ಹೆಸರಿನಲ್ಲೇ ಇತಿಹಾಸದ ಕಥನಗಳನ್ನು ಪ್ರಕಟಿಸಿದರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂದದ್ದು 1865ರಲ್ಲಿ. ಆ ಕೃತಿಯ ಜನಪ್ರಿಯತೆಯ ನಂತರ ಇಂಗ್ಲಿಷಿನ ನಾವೆಲ್ ಎಂಬ ಪ್ರಕಾರಕ್ಕೆ ಬಂಗಾಳಿಯಲ್ಲಿ ಬೇರೆ ಹೆಸರು ಹುಡುಕುವ ಅಗತ್ಯ ಬೀಳಲಿಲ್ಲ. ‘ಕಥಾ’, ‘ಆಖ್ಯಾಯಿಕಾ’ಗಳಿಗೆ ಅಲಂಕಾರಶಾಸ್ತ್ರದ ಲಕ್ಷಣಗಳ ಭಾರವಿತ್ತು. ಉಪನ್ಯಾಸಕ್ಕೆ ಅಂಥ ಭಾರವಿರಲಿಲ್ಲ. ಹೊಸ ಪ್ರಕಾರಕ್ಕೆ ಅದು ಸುಲಭವಾಗಿ ಹೊಂದಿತು ಎಂಬುದು ನನ್ನ ಎಣಿಕೆ.

ಬಂಗಾಳದಿಂದ ಪದ ಪಕ್ಕದ ಭಾಷೆಗಳಿಗೆ ಹರಿಯಿತು. ಹಿಂದಿಯ ಮೊದಲ ಕಾದಂಬರಿಗಳಲ್ಲಿ ಪ್ರಮುಖವಾಗಿ ಹೆಸರಿಸುವ ಲಾಲಾ ಶ್ರೀನಿವಾಸದಾಸರ ‘ಪರೀಕ್ಷಾಗುರು’ 1882ರದು. ಬಂಗಾಳಿ ಕಾದಂಬರಿಗಳ ಅನುವಾದ ಹಿಂದಿಯಲ್ಲಿ ಭರದಿಂದ ನಡೆಯುತ್ತಿದ್ದ ಕಾಲ ಅದು. ಕೃತಿಗಳ ಜೊತೆಗೆ ಪ್ರಕಾರದ ಹೆಸರೂ ಬಂತು. 1898ರಲ್ಲಿ ಕಿಶೋರಿಲಾಲ ಗೋಸ್ವಾಮಿ ‘ಉಪನ್ಯಾಸ್’ ಎಂಬ ಮಾಸಪತ್ರಿಕೆಯನ್ನೇ ಹೊರಡಿಸಿದರು. ಪ್ರೇಮಚಂದರಿಗೆ ‘ಉಪನ್ಯಾಸ ಸಮ್ರಾಟ’ ಎಂಬ ಬಿರುದು ಅಂಟಿದೆ. ಅಸ್ಸಾಮಿನಲ್ಲಿ ರಜನೀಕಾಂತ ಬರದಲೈ ಅವರಿಗೂ ಅದೇ ಬಿರುದು. ನಮ್ಮಲ್ಲಿ ಅದಕ್ಕೆ ಸರಿಸಮವಾದ ಗೌರವ ಅ.ನ. ಕೃಷ್ಣರಾಯರದು, ಆದರೆ ಅವರು ‘ಕಾದಂಬರಿ ಸಾರ್ವಭೌಮ’. ಪ್ರೇಮಚಂದರ ಬಿರುದನ್ನು ಹಾಗೆಯೇ ಕನ್ನಡ ಲಿಪಿಗೆ ಇಳಿಸಿದರೆ, ದೊಡ್ಡ ಕಾದಂಬರಿಕಾರ ಒಬ್ಬ ದೊಡ್ಡ ಭಾಷಣಕಾರನಾಗಿಬಿಡುತ್ತಾನೆ.

ವಿಂಧ್ಯದ ಈಚೆ ಏನಾಯಿತು? ಮರಾಠಿ ಬಾಣಭಟ್ಟನ ಕಡೆಗೆ ತಿರುಗಿತು. ಹರ್ಷನ ಆಸ್ಥಾನದ ಈ ಕವಿ ಬರೆದು ಮುಗಿಸಲಾಗದೆ ಬಿಟ್ಟ, ಅವನ ಮಗ ಪೂರ್ತಿಗೊಳಿಸಿದ ಒಂದು ಗದ್ಯಕಾವ್ಯದ ಹೆಸರು ಇಡೀ ಒಂದು ಪ್ರಕಾರದ ಹೆಸರಾಯಿತು. ಕಥೆ ಸಾಕಷ್ಟು ದೂರ ಸಾಗಿದ ಮೇಲೆ ಕಾಣಿಸಿಕೊಳ್ಳುವ ಗಂಧರ್ವ ಕನ್ಯೆ ಕಾದಂಬರಿ. ಅವಳ ಹೆಸರನ್ನು ಇಂದು ಪತ್ತೇದಾರಿ ಪುಸ್ತಕಕ್ಕೂ ಹಾಕುತ್ತೇವೆ. ಕನ್ನಡದಲ್ಲಿ ಒಂದನೆಯ ನಾಗವರ್ಮ 10ನೇ ಶತಮಾನದ ಕೊನೆಯ ಹೊತ್ತಿಗೇ ‘ಕರ್ಣಾಟಕ ಕಾದಂಬರಿ’ಯನ್ನು ಚಂಪೂವಾಗಿ ರಚಿಸಿದ್ದ. ಆದ್ದರಿಂದ ಹೆಸರು ನಮಗೆ ಹೊಸದಲ್ಲ. ಆದರೂ ಪ್ರಕಾರದ ಹೆಸರಾಗಿ ಅದು ಇಲ್ಲಿ ನಿಂತದ್ದಕ್ಕೆ ನಾಗವರ್ಮನಿಗಿಂತ ಮರಾಠಿಯ ನೆರೆಯೇ ಹೆಚ್ಚಿನ ಕಾರಣವೆಂದು ನಾನು ನಂಬುತ್ತೇನೆ. ಉತ್ತರ ಕರ್ನಾಟಕದ ಓದುಗರಿಗೆ ಮರಾಠಿ ಪುಸ್ತಕಗಳು ಮನೆಯವೇ ಆಗಿದ್ದವು. ಗಳಗನಾಥರು ಹರಿ ನಾರಾಯಣ ಆಪಟೆಯವರ ಕೃತಿಗಳನ್ನು ಕನ್ನಡಕ್ಕೆ ತಂದರು. ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮರನ್ನು ಅನುವಾದಿಸಿದರು. ಬಂಗಾಳಿಯ ಉಪನ್ಯಾಸಗಳು ಇಷ್ಟು ನೇರವಾಗಿ ನಮ್ಮ ಮನೆಗೆ ಬಂದರೂ ಆ ಹೆಸರು ಮಾತ್ರ ಆ ಅರ್ಥದಲ್ಲಿ ಇಲ್ಲಿ ನೆಲೆಸಲಿಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಇಂದು ನಮಗೆ ಮೊದಲ ಸಾಮಾಜಿಕ ಕಾದಂಬರಿ, ಮೊದಲ ಉಪನ್ಯಾಸವಲ್ಲ.

ಉಳಿದ ಭಾಷೆಗಳು ಇಂಗ್ಲಿಷ್ ಪದವನ್ನೇ ಪಳಗಿಸಿಕೊಂಡವು. ಗುಜರಾತಿಯಲ್ಲಿ ‘ನವಲಕಥಾ’, ತಮಿಳಿನಲ್ಲಿ ‘ನಾವಲ್’. ತೆಲುಗಿನಲ್ಲಿ ಕಂದುಕೂರಿ ವೀರೇಶಲಿಂಗಂ ತಮ್ಮ ‘ರಾಜಶೇಖರ ಚರಿತ್ರ’ವನ್ನು ‘ವಚನ ಪ್ರಬಂಧ’ ಎಂದು ಕರೆದಿದ್ದರು. ಕಾಶೀಭಟ್ಟ ಬ್ರಹ್ಮಯ್ಯ ಶಾಸ್ತ್ರಿಗಳು ‘ನವಲಾ’ ಎಂಬ ಪದಕ್ಕೆ ಸಂಸ್ಕೃತದ ವ್ಯುತ್ಪತ್ತಿಯನ್ನೂ ಕಟ್ಟಿಕೊಟ್ಟರೆಂದು ತೆಲುಗು ಸಾಹಿತ್ಯ ಚರಿತ್ರೆ ಹೇಳುತ್ತದೆ. ಮಲಯಾಳಂನಲ್ಲಿ ಚಂದು ಮೆನೋನ್ 1889ರ ‘ಇಂದುಲೇಖಾ’ದ ಮುಖಪುಟದಲ್ಲೇ ಇದು ಇಂಗ್ಲಿಷ್ ನಾವೆಲಿನ ಮಾದರಿಯ ಕಥೆ ಎಂದು ಹೇಳಿಬಿಟ್ಟರು.

ಹೀಗೆ ದಕ್ಷಿಣದ ಭಾಷೆಗಳಲ್ಲಿ ಕಾದಂಬರಿಯ ಜಾಗ ಬೇರೆ ಪದಗಳಿಂದ ತುಂಬಿದ್ದರಿಂದ ಉಪನ್ಯಾಸ ಎಂಬ ಪದ ಬಿಡುವಾಗಿಯೇ ಉಳಿಯಿತು. ಇದೇ ಹೊತ್ತಿಗೆ ಇನ್ನೊಂದು ಹೊಸ ಸಂಗತಿ ಹೆಸರು ಬೇಡುತ್ತಿತ್ತು: ಸಾರ್ವಜನಿಕ ಸಭೆಯಲ್ಲಿ ಒಬ್ಬರು ನಿಂತು ಒಂದು ವಿಷಯದ ಮೇಲೆ ಸಿದ್ಧತೆಯಿಂದ ಮಾತನಾಡುವುದು, ಉಳಿದವರು ಕೇಳುವುದು. ಪುರಾಣ ಪ್ರವಚನ, ಹರಿಕಥೆ ನಮ್ಮಲ್ಲಿ ಮೊದಲೇ ಇದ್ದವು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ (1890), ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಇವುಗಳ ಸಭೆಗಳ ಮಾತು ಆ ಬಗೆಯದಲ್ಲ. ಇಲ್ಲಿ ದೇವರಿಲ್ಲ, ಮಂಗಳಾರತಿಯಿಲ್ಲ; ವಿಷಯವಿದೆ, ವಾದವಿದೆ. ‘ಒಂದು ವಿಚಾರವನ್ನು ಮುಂದಿಡುವುದು’ ಎಂಬ ಹಳೆಯ ಅರ್ಥ ಇದಕ್ಕೆ ನೇರವಾಗಿ ಹೊಂದಿತು. ಹಾಗೆ ನೋಡಿದರೆ ಬ್ರಹ್ಮಸೂತ್ರದ ಬಳಕೆಗೆ ಬಂಗಾಳಿಗಿಂತ ಕನ್ನಡವೇ ಹತ್ತಿರ. ತಮಿಳು ಆ ಅರ್ಥವನ್ನು ಉಳಿಸಿಕೊಂಡೂ ಧಾರ್ಮಿಕ ಪ್ರವಚನದ ಕಡೆಗೆ ಹೆಚ್ಚು ವಾಲಿತು.

ಕನ್ನಡದಲ್ಲಿ ಈ ಪದ ಎಷ್ಟು ಬೇರೂರಿದೆ ಎಂಬುದನ್ನು ಯಾವುದೇ ಆಹ್ವಾನ ಪತ್ರಿಕೆ ತೋರಿಸುತ್ತದೆ. ಉದ್ಘಾಟಕರದು ಭಾಷಣ, ಅಧ್ಯಕ್ಷರದು ನುಡಿ, ವಿದ್ವಾಂಸರದು ಮಾತ್ರ ‘ವಿಶೇಷ ಉಪನ್ಯಾಸ’. ಮಠದಲ್ಲಾದರೆ ಪ್ರವಚನ, ಚುನಾವಣೆಯಲ್ಲಾದರೆ ಮತ್ತೆ ಭಾಷಣ. ಕಾಲೇಜಿನಲ್ಲಿ ಕಲಿಸುವವರು ಉಪನ್ಯಾಸಕರು. ಹಿಂದಿಯ ‘ಉಪನ್ಯಾಸಕಾರ್’ ಕಾದಂಬರಿಕಾರ. ಪರಿಷತ್ತಿನ ಜಿಲ್ಲಾ, ತಾಲ್ಲೂಕು ಘಟಕಗಳು ನಡೆಸುವ ‘ದತ್ತಿ ಉಪನ್ಯಾಸ’ ಈ ಪದದ ಅತ್ಯಂತ ಕನ್ನಡ ರೂಪ. ದಾನಿಯೊಬ್ಬರು ಹಿರಿಯರ ಹೆಸರಿನಲ್ಲಿ ಹಣ ಇಡುತ್ತಾರೆ. ಅದರ ಬಡ್ಡಿಯಲ್ಲಿ ಉಪನ್ಯಾಸ ನಡೆಯುತ್ತದೆ. ಸಂಸ್ಕೃತದಲ್ಲಿ ಉಪನ್ಯಾಸಕ್ಕೆ ಠೇವಣಿ ಎಂಬ ಅರ್ಥವೂ ಇದ್ದದ್ದು ಆ ಸಭೆಯಲ್ಲಿ ಯಾರಿಗೂ ನೆನಪಿರಬೇಕಾಗಿಲ್ಲ, ಆದರೆ ಆ ಎರಡೂ ಅರ್ಥಗಳು ಅಲ್ಲಿ ಒಟ್ಟಿಗೆ ಕೂಡಿವೆ.

ಇನ್ನು ಮಲಯಾಳಂ. ಆಡುವ ಮಾತಿನಿಂದ ಬರೆಯುವ ಪ್ರಬಂಧಕ್ಕೆ ಈ ಪದ ಹೇಗೆ ದಾಟಿತು ಎಂಬುದನ್ನು ಅರಿಯಲು ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಸ್ತಿಕೆಗಳು ನೆರವಾಗುತ್ತವೆ. ವಿದ್ವಾಂಸರು ಊರೂರಿಗೆ ಹೋಗಿ ಮಾಡಿದ ಉಪನ್ಯಾಸ ಆಮೇಲೆ ತೆಳ್ಳನೆಯ, ಕಡಿಮೆ ಬೆಲೆಯ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಅಚ್ಚಾದ ಮೇಲೆ ಅದನ್ನು ಪ್ರಬಂಧದಿಂದ ಬೇರೆ ಮಾಡಿ ತೋರಿಸುವುದು ಕಷ್ಟ. ಕೇರಳದಲ್ಲಿಯೂ 19ನೇ ಶತಮಾನದ ಕೊನೆಗೆ ‘ವಿದ್ಯಾವಿನೋದಿನಿ’, ‘ಭಾಷಾಪೋಷಿಣಿ’ಯಂಥ ಪತ್ರಿಕೆಗಳು ವಿಚಾರದ ಗದ್ಯವನ್ನು ಬೆಳೆಸುತ್ತಿದ್ದವು. ವಿಚಾರ ಮುಂದಿಡುವ ಬರಹಕ್ಕೆ ಅಲ್ಲಿ ಈ ಪದ ನಿಂತಿತು. ಆಡುವ ಮಾತಿಗೆ ‘ಪ್ರಭಾಷಣಂ’ ಬಂತು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಪ್ರಬಂಧ ಬರೆಯುವಾಗ ಪಕ್ಕದ ಮಲಯಾಳಂ ತರಗತಿಯ ಮಕ್ಕಳು ಉಪನ್ಯಾಸ ಬರೆಯುತ್ತಿರುತ್ತಾರೆ.

ಒಂದು ಪದ ಸರಿದರೆ ಅದರ ನೆರೆಯ ಪದಗಳೂ ಸರಿಯುತ್ತವೆ. ಹಿಂದಿ, ಮರಾಠಿಗಳಲ್ಲಿ ಉಪನ್ಯಾಸದ ಜಾಗಕ್ಕೆ ‘ವ್ಯಾಖ್ಯಾನ’ ಬಂತು. 1875ರಲ್ಲಿ ರಾನಡೆಯವರು ಪುಣೆಯಲ್ಲಿ ಆರಂಭಿಸಿದ ಉಪನ್ಯಾಸಮಾಲೆಯ ಹೆಸರು ‘ವಸಂತ ವ್ಯಾಖ್ಯಾನಮಾಲಾ’. ನಮಗೆ ವ್ಯಾಖ್ಯಾನ ಎಂದರೆ ಗ್ರಂಥಕ್ಕೆ ಬರೆದ ಟೀಕೆ. ‘ಪ್ರಬಂಧ’ದ ಪಾಡು ಇನ್ನೂ ವಿಚಿತ್ರ. ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ಅದು ಹಾಡಿನ ಕಟ್ಟು, ತೆಲುಗಿನಲ್ಲಿ ಪ್ರೌಢಕಾವ್ಯ, ತಮಿಳು ವೈಷ್ಣವರಲ್ಲಿ ಆಳ್ವಾರರ ಪಾಶುರಗಳ ಸಂಗ್ರಹ, ಹಿಂದಿಯಲ್ಲಿ ಆಡಳಿತ ನಿರ್ವಹಣೆ. ಕನ್ನಡದಲ್ಲಿ ಮಗು ಬರೆಯುವುದು ಪ್ರಬಂಧ, ಪಿಎಚ್.ಡಿ.ಗೆ ಸಲ್ಲಿಸುವುದು ಮಹಾಪ್ರಬಂಧ. ತೆಲುಗರು ಶಾಲೆಯ ಪ್ರಬಂಧಕ್ಕೆ ‘ವ್ಯಾಸಂ’ ಎನ್ನುತ್ತಾರೆ. ಅದೂ ‘ಅಸ್’ ಧಾತುವಿನದೇ, ನಮ್ಮಲ್ಲಿ ಅದು ವೃತ್ತದ ಅಡ್ಡಳತೆ.

ಇದೆಲ್ಲ ಕೇವಲ ಕುತೂಹಲದ ಸಂಗತಿಯಲ್ಲ. ಸಂವಿಧಾನದ 351ನೆಯ ವಿಧಿ, ಹಿಂದಿ ತನ್ನ ಶಬ್ದಭಂಡಾರಕ್ಕೆ ಮುಖ್ಯವಾಗಿ ಸಂಸ್ಕೃತವನ್ನು ಆಶ್ರಯಿಸಬೇಕೆಂದು ಹೇಳುತ್ತದೆ. ಭಾರತದ ಎಲ್ಲ ಭಾಷೆಗಳಿಗೂ ಸಂಸ್ಕೃತಮೂಲದ ಸಮಾನ ಪಾರಿಭಾಷಿಕ ಪದಗಳಿದ್ದರೆ ಪರಸ್ಪರ ತಿಳಿವಳಿಕೆ ಸುಲಭ ಎಂಬ ನಂಬಿಕೆ ಪದಕೋಶಗಳನ್ನು ಕಟ್ಟಿದ ಹಲವು ಪಂಡಿತರಿಗಿತ್ತು. ರೂಪ ಒಂದೇ ಆದ ಮಾತ್ರಕ್ಕೆ ಅರ್ಥ ಒಂದಾಗದು ಎಂಬುದಕ್ಕೆ ಉಪನ್ಯಾಸ ಬಲವಾದ ಸಾಕ್ಷಿ. ಪರಿಚಯವಿಲ್ಲದ ಪದವಾದರೆ ಓದುಗ ನಿಂತು ಕೇಳುತ್ತಾನೆ. ಪರಿಚಯದ ಪದ ತಪ್ಪು ಅರ್ಥ ಹೊತ್ತು ಬಂದರೆ ಪ್ರಶ್ನೆಯೇ ಹುಟ್ಟುವುದಿಲ್ಲ. ಸಾಹಿತ್ಯ ಅಕಾಡೆಮಿಯ ಹಿಂದಿ ಪಟ್ಟಿಯಲ್ಲಿ 1975ರ ಪ್ರಶಸ್ತಿ ಪಡೆದ ಎಸ್.ಎಲ್. ಭೈರಪ್ಪನವರ ‘ದಾಟು’ ಒಂದು ಉಪನ್ಯಾಸ. ಅದನ್ನು ನೋಡಿ ಬರೆಯುವ ಕನ್ನಡದ ಗ್ರಂಥಸೂಚಿಕಾರರು ಆ ಒಂದು ಪದವನ್ನು ಅನುವಾದಿಸಲೇಬೇಕು. ಪ್ರಚಾರೋಪನ್ಯಾಸ ಮಾಲೆಯ ಪುಸ್ತಿಕೆಗಳನ್ನು ಹಿಂದಿ ಅಥವಾ ಬಂಗಾಳಿ ಸೂಚಿಗೆ ಸೇರಿಸುವವರೂ ಹಾಗೆಯೇ ಮಾಡಬೇಕು. ಇಲ್ಲವಾದರೆ ಹಳ್ಳಿಯ ಜನಕ್ಕೆ ಭೂಗೋಳ, ಆರೋಗ್ಯ ತಿಳಿಸಲು ಬರೆದ ಆ ಪುಟ್ಟ ಪುಸ್ತಕಗಳು ಅಲ್ಲಿ ಕಾದಂಬರಿಗಳ ಸಾಲಿಗೆ ಸೇರುತ್ತವೆ.