ಉಸಿರಿಗೊಂದು ಅಳತೆ

ಹೊಸೂರು ರಸ್ತೆಯಿಂದ ಜಯನಗರದ ಕಡೆಗೆ ಬರುವಾಗ, ಧರ್ಮಾರಾಮ್ ಕಾಲೇಜಿನ ನೆರೆಯಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ಹಿರಿಯರ ಬಾಯಲ್ಲಿ ಅದು ಇಂದಿಗೂ ಎಸ್.ಡಿ.ಎಸ್. ಸ್ಯಾನಟೋರಿಯಂ. ಕ್ಷಯಕ್ಕೆ ತಕ್ಕ ಔಷಧ ದೊರೆಯುವ ಮುನ್ನ ಇಂತಹ ಸ್ಯಾನಟೋರಿಯಂಗಳು ರೋಗಿಗೆ ನೀಡುತ್ತಿದ್ದುದು ವಿಶ್ರಾಂತಿ, ಪೌಷ್ಟಿಕ ಆಹಾರ ಮತ್ತು ಶುದ್ಧ ಗಾಳಿ. ಗಾಳಿಯೇ ಮದ್ದೆಂದು ನಂಬಿದ್ದ ಕಾಲವದು.

ಆ ಗಾಳಿಯಲ್ಲಿ ಸುಮಾರು 21 ಭಾಗದಷ್ಟಿರುವ ಆಮ್ಲಜನಕವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1774ರಲ್ಲಿ ಬೇರ್ಪಡಿಸಿದರು. ಅವರು ಧರ್ಮಬೋಧಕರೂ ಆಗಿದ್ದರು. ಆದರೆ ಅದು ಕ್ರಮಬದ್ಧ ಚಿಕಿತ್ಸೆಯಾಗಲು ಸುಮಾರು ಒಂದೂವರೆ ಶತಮಾನವೇ ಬೇಕಾಯಿತು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಶ್ವಾಸಕೋಶ ಕೆಟ್ಟ ಸೈನಿಕರನ್ನು ಕಂಡ ಜಾನ್ ಸ್ಕಾಟ್ ಹಾಲ್ಡೇನ್, ಆಮ್ಲಜನಕವನ್ನು ಅಳೆದು ಕೊಡುವ ವಿಧಾನವನ್ನು 1917ರಲ್ಲಿ ವಿವರಿಸಿದರು.

ಇದೇ ಹಾಲ್ಡೇನ್ 1905ರಲ್ಲಿ ಇನ್ನೊಂದು ಸತ್ಯವನ್ನು ತೋರಿಸಿದ್ದರು. ನಮ್ಮನ್ನು ಉಸಿರೆಳೆಯುವಂತೆ ಪ್ರೇರೇಪಿಸುವುದು ಮುಖ್ಯವಾಗಿ ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆಯಲ್ಲ. ಆದ್ದರಿಂದ ಏದುಸಿರು ಬಂದವರೆಲ್ಲರಿಗೂ ಆಮ್ಲಜನಕ ಕಡಿಮೆಯಾಗಿರುವುದಿಲ್ಲ. ಕಡಿಮೆಯಾದವರೆಲ್ಲರಿಗೂ ಏದುಸಿರು ಬರುವುದಿಲ್ಲ.

ಈ ಸತ್ಯದ ಕಹಿಯನ್ನು ನಾವು ಕೊರೋನಾ ಕಾಲದಲ್ಲಿ ಉಂಡೆವು. ನಗುತ್ತಾ ಮಾತನಾಡುತ್ತಿದ್ದವರ ಬೆರಳಿಗೆ ಆಕ್ಸಿಮೀಟರ್ ತೊಡಿಸಿದರೆ ಅಂಕಿ 85ಕ್ಕೂ ಕೆಳಗಿರುತ್ತಿತ್ತು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಜಯನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ಮನೆಮಂದಿ ಸಿಲಿಂಡರಿಗಾಗಿ ಊರೆಲ್ಲ ಅಲೆದರು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಯಿತು. ಬೆಳಗಾಗುವಷ್ಟರಲ್ಲಿ 24 ರೋಗಿಗಳ ಸಾವಿನ ಸುದ್ದಿ ನಾಡನ್ನೇ ನಡುಗಿಸಿತು. ಮೇ 5ರಂದು ರಾಜ್ಯ ಹೈಕೋರ್ಟ್, ಕರ್ನಾಟಕಕ್ಕೆ ದಿನಕ್ಕೆ 1200 ಟನ್ ಆಮ್ಲಜನಕ ಒದಗಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ನಿರಾಕರಿಸಿತು. ಉಸಿರು ಕೂಡ ನ್ಯಾಯಾಲಯದ ಮೆಟ್ಟಿಲೇರಬೇಕಾದ ದಿನಗಳವು.

ಅಂದು ಕೊಂಡ ಆಕ್ಸಿಮೀಟರ್ ಇಂದು ಅನೇಕ ಮನೆಗಳ ಕಪಾಟಿನಲ್ಲಿದೆ. ಆದರೆ ಅದರ ಅಂಕಿ ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ತೀವ್ರ ಉಸಿರಾಟದ ವೈಫಲ್ಯದಲ್ಲಿ ವೈದ್ಯರು ಸಾಮಾನ್ಯವಾಗಿ 94ರಿಂದ 98ರ ಗುರಿ ಇಟ್ಟುಕೊಳ್ಳುತ್ತಾರೆ. ಬಹುಕಾಲದ ಧೂಮಪಾನದಿಂದಲೋ ಒಲೆಯ ಹೊಗೆಯಿಂದಲೋ ಶ್ವಾಸನಾಳ ಕಿರಿದಾದ ಹಿರಿಯರಿಗೆ 88ರಿಂದ 92 ಸಾಕು. ಅವರಿಗೆ ಮಿತಿಮೀರಿ ಆಮ್ಲಜನಕ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಆಮ್ಲಜನಕವೂ ಔಷಧವೇ; ಅದಕ್ಕೂ ಪ್ರಮಾಣವುಂಟು.

ಆದ್ದರಿಂದ ಮನೆಯಲ್ಲಿ ಇಂತಹ ಹಿರಿಯರಿದ್ದರೆ, ಅವರಿಗೆ ತಕ್ಕ ಅಂಕಿ ಯಾವುದೆಂದು ವೈದ್ಯರನ್ನು ಮುಂಚಿತವಾಗಿಯೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಆಕ್ಸಿಮೀಟರಿನ ಪೆಟ್ಟಿಗೆಯಲ್ಲೇ ಇಡೋಣ. ನಡುರಾತ್ರಿಯ ಗಾಬರಿಯಲ್ಲಿ ಆ ಚೀಟಿ ಕೈಗೆ ಸಿಗಲಿ.