ಕಿಡಿಯನ್ನು ಸೋಲಿಸಿದ ರಾತ್ರಿ

1921ರ ಡಿಸೆಂಬರ್. ಸ್ಕಾಟ್ಲೆಂಡಿನ ಆರ್ಡ್ರಾಸನ್ ಕಡಲತಡಿಯ ಹೊಲದಲ್ಲಿ ಡೇರೆ ಹೊಡೆದು, ಅಮೆರಿಕದ ಪಾಲ್ ಗಾಡ್ಲಿ ರಾತ್ರಿಯೆಲ್ಲ ಕಿವಿಗೊಟ್ಟು ಕುಳಿತಿದ್ದ. ಹವ್ಯಾಸಿಗಳ ಪಾಲಿಗೆ ಬಿಟ್ಟಿದ್ದ, 200 ಮೀಟರಿನ ಆಸುಪಾಸಿನ ಅಲೆಗಳು ಅಟ್ಲಾಂಟಿಕ್ ದಾಟಿಯಾವೇ ಎಂಬುದು ಪ್ರಶ್ನೆ.

ಆಗ ಬಹುಮಂದಿಯದು ಕಿಡಿ ಹಾರಿಸುವ ಯಂತ್ರ. ಅದರ ಮೋರ್ಸ್ ದನಿ ಒರಟು. ಶಕ್ತಿಯೂ ಅಕ್ಕಪಕ್ಕದ ಅಲೆಗಳಿಗೆ ಚೆಲ್ಲಿ ಪೋಲಾಗುತ್ತಿತ್ತು. ಕನೆಕ್ಟಿಕಟ್ಟಿನ ಗ್ರೆನಿಚ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಐವರು ಗೆಳೆಯರು ಪುಟ್ಟ ಗುಡಿಸಲಿನಲ್ಲಿ ತಾವೇ ಕಟ್ಟಿದ 1ಬಿಸಿಜಿ ನಿಲಯದಲ್ಲಾದರೋ ವಾಲ್ವುಗಳಿದ್ದವು. ಎಡೆಬಿಡದ ಒಂದೇ ಅಲೆ, ಸಣ್ಣ ಜಾಗದಲ್ಲಿ ಒಟ್ಟಾದ ಬಲ. ಹವ್ಯಾಸಿಯೆಂದರೆ ಅರೆಬರೆ ಕಲಿತವನೆಂದು ನಗುವವರಿಗೆ ನಾನು ತೋರಿಸುವುದು ಈ ಗುಡಿಸಲನ್ನೇ.

ಗಾಡ್ಲಿಗೆ ಕಿಡಿಯ ನಿಲಯಗಳೂ ಕೇಳಿಸಿದವು, ಇಲ್ಲವೆನ್ನಲಾರೆ. ಆದರೆ 11-12ರ ನಡುವಣ ರಾತ್ರಿ ಪೂರ್ಣ ಸಂದೇಶವೊಂದು ಬಂದದ್ದು ಗ್ರೆನಿಚ್‌ನಿಂದ: ಗಾಡ್ಲಿಗೆ ಹೃತ್ಪೂರ್ವಕ ಅಭಿನಂದನೆ, ಅದರ ಹಿಂದೆಯೇ ಆರು ಹೆಸರು.