ಎಪ್ಪತ್ತೆರಡು ಸೆಕೆಂಡುಗಳ ಸದ್ದು

1977ರ ಆಗಸ್ಟ್ 15ರ ರಾತ್ರಿ, ಅಮೆರಿಕದ ಒಹಾಯೊ ರಾಜ್ಯದ ಡೆಲವೇರ್ ಎಂಬ ಊರಿನ ಬಳಿ ಇದ್ದ ರೇಡಿಯೊ ದೂರದರ್ಶಕಕ್ಕೆ ಧನು ರಾಶಿಯ ದಿಕ್ಕಿನಿಂದ ಒಂದು ಬಲವಾದ ಸಂಕೇತ ಬಂತು. 72 ಸೆಕೆಂಡು ಇತ್ತು, ಹೋಯಿತು. ಆಗ ಅದನ್ನು ಗಮನಿಸಿದವರು ಯಾರೂ ಇಲ್ಲ. ಕಂಪ್ಯೂಟರ್ ತನ್ನ ಪಾಡಿಗೆ ತಾನು ಅಂಕಿಗಳನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು.

ಕೆಲವು ದಿನಗಳ ನಂತರ ಆ ಕಾಗದದ ಕಟ್ಟು ಜೆರ್ರಿ ಎಹ್ಮನ್ ಅವರ ಮನೆ ಸೇರಿತು. ಸಾಲುಗಳ ಮೇಲೆ ಕಣ್ಣಾಡಿಸುತ್ತಿದ್ದ ಎಹ್ಮನ್ ಒಂದು ಕಡೆ ನಿಂತರು. ಮೇಲಿನಿಂದ ಕೆಳಕ್ಕೆ ಆರು ಚಿಹ್ನೆಗಳು: 6, ಇ, ಕ್ಯೂ, ಯು, ಜೆ, 5. ಅವುಗಳ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ 'ವಾವ್!' ಎಂದು ಬರೆದರು. ಆ ಉದ್ಗಾರವೇ ಸಂಕೇತದ ಹೆಸರಾಗಿ ಉಳಿಯಿತು.

ಎಹ್ಮನ್ ಈ ಕೆಲಸಕ್ಕೆ ಸಂಬಳ ಪಡೆಯುತ್ತಿರಲಿಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಈ ದೂರದರ್ಶಕವನ್ನು ರೂಪಿಸಿದವರು ಜಾನ್ ಕ್ರೌಸ್. 'ಬಿಗ್ ಇಯರ್', ಅಂದರೆ ದೊಡ್ಡ ಕಿವಿ, ಎಂಬುದು ಅದರ ಅಡ್ಡಹೆಸರು. ನೋಡಲು ಅದು ಕಿವಿಯಂತೆಯೂ ಇರಲಿಲ್ಲ, ಬೋಗುಣಿಯಂತೆಯೂ ಇರಲಿಲ್ಲ. ಮೂರು ಫುಟ್‌ಬಾಲ್ ಮೈದಾನಗಳಷ್ಟು ನೆಲಕ್ಕೆ ಲೋಹ ಹಾಸಿ, ಎರಡು ತುದಿಗಳಲ್ಲಿ ಎರಡು ದೊಡ್ಡ ಬೇಲಿಗಳನ್ನು ನಿಲ್ಲಿಸಿದಂತಿತ್ತು. ಆಕಾಶದ ರೇಡಿಯೊ ಮೂಲಗಳ ನಕ್ಷೆ ಮಾಡಲು ಕಟ್ಟಿದ್ದ ಅದಕ್ಕೆ 1972ರಲ್ಲಿ ಸರ್ಕಾರಿ ಅನುದಾನ ನಿಂತಿತು, ಎಹ್ಮನ್ ಅವರ ಕೆಲಸವೂ ಹೋಯಿತು. ಅವರು ಬೇರೆ ಕಡೆ ಪಾಠ ಹೇಳುತ್ತ, ಬಿಡುವಿನಲ್ಲಿ ಸ್ವಯಂಸೇವಕರಾಗಿ ಬರುತ್ತಿದ್ದರು. ನಕ್ಷೆಯ ಕೆಲಸ ಮುಗಿದು ಖಾಲಿ ಉಳಿದ ಯಂತ್ರವನ್ನು ಕ್ರೌಸ್ ಮತ್ತು ಬಾಬ್ ಡಿಕ್ಸನ್ 1973ರಿಂದ ಅನ್ಯಲೋಕದ ಬುದ್ಧಿಜೀವಿಗಳ ಹುಡುಕಾಟಕ್ಕೆ ಹಚ್ಚಿದ್ದರು.

ಎಲ್ಲಿ ಹುಡುಕುವುದು ಎಂಬುದಕ್ಕೆ ಉತ್ತರ 1959ರಲ್ಲೇ ಸಿಕ್ಕಿತ್ತು. 'ನೇಚರ್' ಪತ್ರಿಕೆಯಲ್ಲಿ ಗಿಸೆಪ್ಪೆ ಕೊಕೋನಿ ಮತ್ತು ಫಿಲಿಪ್ ಮಾರಿಸನ್ ಒಂದು ಸರಳ ವಾದ ಮಂಡಿಸಿದ್ದರು. ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಹೈಡ್ರೋಜನ್. ಅದು ಸುಮಾರು 1420 ಮೆಗಾಹರ್ಟ್ಸ್ ಆವರ್ತನದಲ್ಲಿ ರೇಡಿಯೊ ಅಲೆಗಳನ್ನು ಸೂಸುತ್ತದೆ. ಖಗೋಳವಿಜ್ಞಾನ ಬಲ್ಲ ಯಾವ ಜೀವಿಗಾದರೂ ಈ ಸಂಖ್ಯೆ ಗೊತ್ತಿರಲೇಬೇಕು. ಹಾಗಾಗಿ ಪರಿಚಯವಿಲ್ಲದ ಇಬ್ಬರು ಮಾತಿಲ್ಲದೆಯೇ ಒಪ್ಪಿಕೊಳ್ಳಬಹುದಾದ ಭೇಟಿಯ ಜಾಗ ಅದು. ಭೂಮಿಯ ಮೇಲೆ ಈ ಆವರ್ತನದಲ್ಲಿ ಪ್ರಸಾರ ಮಾಡುವುದನ್ನು ಖಗೋಳವಿಜ್ಞಾನಕ್ಕಾಗಿ ನಿಷೇಧಿಸಲಾಗಿದೆ. ಒಹಾಯೊದ ಸಂಕೇತ ಬಂದದ್ದು ಅಲ್ಲಿಯೇ.

ಆ ಆರು ಚಿಹ್ನೆಗಳನ್ನು ಎಷ್ಟೋ ಜನ ಗುಪ್ತಲಿಪಿಯೆಂದು ತಿಳಿದು ಬಿಡಿಸಲು ಕೂತಿದ್ದಾರೆ. ಅದರಲ್ಲಿ ಬಿಡಿಸಲು ಏನೂ ಇಲ್ಲ. ಬಿಗ್ ಇಯರ್‌ನ ಕಂಪ್ಯೂಟರ್ 50 ವಾಹಿನಿಗಳಲ್ಲಿ ಬರುವ ಸಂಕೇತದ ಬಲವನ್ನು ಸುಮಾರು 12 ಸೆಕೆಂಡಿಗೊಮ್ಮೆ ಅಳೆದು ಬರೆಯುತ್ತಿತ್ತು. ಕಾಗದದಲ್ಲಿ ಒಂದು ವಾಹಿನಿಗೆ ಒಂದೇ ಚಿಹ್ನೆಗೆ ಜಾಗ. ಹಿನ್ನೆಲೆ ಗದ್ದಲದ ಏರಿಳಿತಕ್ಕಿಂತ ಸಂಕೇತ ಎಷ್ಟು ಪಟ್ಟು ಎಂಬುದು 9 ದಾಟಿದರೆ ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೆ ಅಕ್ಷರಗಳು ಬರುತ್ತಿದ್ದವು. ಸಾಮಾನ್ಯವಾಗಿ ಕಾಣುತ್ತಿದ್ದುದು ಖಾಲಿ ಜಾಗ, 1, 2, ಅಪರೂಪಕ್ಕೆ 3 ಅಥವಾ 4. ಅಂಥ ಹಾಳೆಯಲ್ಲಿ 6, 14, 26, 30, 19, 5 ಎಂಬ ಏರಿಳಿತ ಮೂಡಿತ್ತು. ಪ್ರತಿ ಅಂಕಿಯೂ ಹತ್ತು ಸೆಕೆಂಡಿನ ಸರಾಸರಿ. ಆ ಸಂಕೇತದೊಳಗೆ ಸಂದೇಶವೇ ಅಡಗಿದ್ದರೂ ಸರಾಸರಿ ತೆಗೆಯುವಾಗಲೇ ಅದು ಅಳಿಸಿಹೋಗಿದೆ. ಕಾಗದದ ಮೇಲಿರುವುದು ಒಂದು ದನಿಯ ಎತ್ತರ ಮಾತ್ರ, ಮಾತಲ್ಲ.

ಎಹ್ಮನ್ ಬೆರಗಾದದ್ದು ಆ ಏರಿಳಿತದ ಆಕಾರಕ್ಕೆ. ಬಿಗ್ ಇಯರ್ ಅತ್ತಿತ್ತ ತಿರುಗುತ್ತಿರಲಿಲ್ಲ. ಭೂಮಿ ತಿರುಗಿದಂತೆ ಆಕಾಶವೇ ಅದರ ಮುಂದೆ ಹಾದುಹೋಗುತ್ತಿತ್ತು. ನಕ್ಷತ್ರಗಳ ನಡುವೆ ಸ್ಥಿರವಾಗಿರುವ ಮೂಲವೊಂದು ಅದರ ನೋಟದೊಳಗೆ ಬಂದು, ಬಲವಾಗಿ, ಕುಗ್ಗಿ, ಹೊರಹೋಗಲು 72 ಸೆಕೆಂಡು ಬೇಕು. ಈ ಸಂಕೇತ ಮಾಡಿದ್ದು ಅದನ್ನೇ. ಅದೂ ಒಂದೇ ಒಂದು ವಾಹಿನಿಯಲ್ಲಿ. ನಿಸರ್ಗದ ಮೂಲಗಳು ಹಲವು ವಾಹಿನಿಗಳಿಗೆ ಹರಡಿಕೊಳ್ಳುವುದೇ ಹೆಚ್ಚು.

ಆದರೆ ತೊಡಕೊಂದಿತ್ತು. ದೂರದರ್ಶಕದಲ್ಲಿ ಅಲೆಗಳನ್ನು ಹಿಡಿಯುವ ಕೊಂಬುಗಳು ಎರಡಿದ್ದವು. ಒಂದರಲ್ಲಿ ಕಂಡದ್ದು ಸುಮಾರು ಮೂರು ನಿಮಿಷದ ಅಂತರದಲ್ಲಿ ಇನ್ನೊಂದರಲ್ಲೂ ಕಾಣಬೇಕಿತ್ತು. ಕಂಡದ್ದು ಒಂದೇ ಸಲ. ಮೊದಲ ಕೊಂಬಿನಲ್ಲೋ ಎರಡನೆಯದರಲ್ಲೋ ಎಂಬುದನ್ನೂ ಕಂಪ್ಯೂಟರ್ ದಾಖಲಿಸಿರಲಿಲ್ಲ. ಹಾಗಾಗಿ ಸಂಕೇತದ ಮೂಲಕ್ಕೆ ಆಕಾಶದಲ್ಲಿ ಇಂದಿಗೂ ಎರಡು ವಿಳಾಸಗಳಿವೆ.

ಒಂಟಿ ಸಂಕೇತವನ್ನು ನಂಬಬಾರದೆಂದು ರೇಡಿಯೊ ಖಗೋಳವಿಜ್ಞಾನಿಗಳು ಅಷ್ಟರಲ್ಲಾಗಲೇ ಕಲಿತಿದ್ದರು. 1960ರಲ್ಲಿ ಫ್ರಾಂಕ್ ಡ್ರೇಕ್ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್‌ನಲ್ಲಿ ಎರಡು ನಕ್ಷತ್ರಗಳತ್ತ ದೂರದರ್ಶಕ ತಿರುಗಿಸಿ ಇಂಥ ಮೊದಲ ಹುಡುಕಾಟ ನಡೆಸಿದರು. ಎಪ್ಸಿಲಾನ್ ಎರಿಡಾನಿ ನಕ್ಷತ್ರದ ಕಡೆಯಿಂದ ಜೋರಾದ ಮಿಡಿತ ಕೇಳಿಬಂದು ಅಲ್ಲಿದ್ದವರ ಎದೆಯೇ ಬಡಿದುಕೊಂಡಿತು. ಕೆಲವು ದಿನಗಳ ನಂತರ ಮತ್ತೆ ಕೇಳಿದಾಗ ಅದು ಭೂಮಿಯದ್ದೇ, ಬಹುಶಃ ಎತ್ತರದಲ್ಲಿ ಹಾರುವ ವಿಮಾನದ್ದು ಎಂದು ಗೊತ್ತಾಯಿತು.

1967ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜಾಸ್ಲಿನ್ ಬೆಲ್ ಉದ್ದುದ್ದದ ನಕ್ಷೆ ಕಾಗದಗಳಲ್ಲಿ ಒಂದು ಚೂರು ಗೀಚಿನಂಥ ಗುರುತು ಕಂಡರು. ಬಿಡಿಸಿ ನೋಡಿದರೆ ಸುಮಾರು 1.34 ಸೆಕೆಂಡಿಗೊಂದು ಮಿಡಿತ, ಗಡಿಯಾರದಷ್ಟು ಕರಾರುವಾಕ್ಕು. ಅರ್ಧ ತಮಾಷೆಗೆ ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಎಂಬ ಹೆಸರೂ ಬಿತ್ತು. ಡಿಸೆಂಬರಿನಲ್ಲಿ ಆಕಾಶದ ಬೇರೊಂದು ಮೂಲೆಯಲ್ಲಿ ಅಂಥದ್ದೇ ಇನ್ನೊಂದು ಮಿಡಿತ ಬೆಲ್ ಅವರಿಗೆ ಸಿಕ್ಕಿತು. ಎರಡು ನಾಗರಿಕತೆಗಳು ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಭೂಮಿಯನ್ನು ಕರೆಯುವುದು ನಂಬುವ ಮಾತಲ್ಲ. ಅವು ಪಲ್ಸಾರ್‌ಗಳು, ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು. ಡ್ರೇಕ್ ಅವರ ವಿಮಾನವಾಗಲಿ ಬೆಲ್ ಅವರ ಪಲ್ಸಾರ್ ಆಗಲಿ, ಏನೆಂದು ತಿಳಿದದ್ದು ಮತ್ತೆ ಕಂಡದ್ದರಿಂದ. ಶಾಸನದಲ್ಲಿ ಒಂದೇ ಸಲ ಬರುವ ಪದದ ಅರ್ಥವನ್ನು ವಿದ್ವಾಂಸರು ಊಹಿಸಬಲ್ಲರು. ಖಚಿತವಾಗಬೇಕಾದರೆ ಆ ಪದ ಇನ್ನೊಂದು ಕಲ್ಲಿನಲ್ಲಿ ಸಿಗಬೇಕು.

ಒಹಾಯೊದವರು ಆ ಇನ್ನೊಂದು ಕಲ್ಲಿಗಾಗಿ ಆಕಾಶದ ಅದೇ ಭಾಗವನ್ನು ಮತ್ತೆ ಮತ್ತೆ ನೋಡಿದರು. ಏನೂ ಸಿಗಲಿಲ್ಲ. ಆ ಬೆನ್ನಟ್ಟುವಿಕೆಯನ್ನು ದಶಕಗಳ ಕಾಲ ಮುಂದುವರಿಸಿದವರು ಷಿಕಾಗೋದ ರಾಬರ್ಟ್ ಗ್ರೇ. ಅವರು ವೃತ್ತಿಯಿಂದ ಖಗೋಳವಿಜ್ಞಾನಿಯಲ್ಲ, ದತ್ತಾಂಶ ವಿಶ್ಲೇಷಕ. 1995 ಮತ್ತು 1996ರಲ್ಲಿ ನ್ಯೂ ಮೆಕ್ಸಿಕೋದ 27 ಆಂಟೆನಾಗಳ 'ವೆರಿ ಲಾರ್ಜ್ ಅರೇ'ಯಲ್ಲಿ ಸಮಯ ಗಿಟ್ಟಿಸಿಕೊಂಡು, ಬಿಗ್ ಇಯರ್‌ಗಿಂತ ಎಷ್ಟೋ ಪಾಲು ಸೂಕ್ಷ್ಮವಾಗಿ ನೋಡಿದರು. 1999ರಲ್ಲಿ ಟಾಸ್ಮೇನಿಯಾದಿಂದ ಒಂದೊಂದು ಸಲಕ್ಕೆ 14 ಗಂಟೆ ಕಾದರು. ಮೂಲ ಯಾವುದೋ ದೀಪಸ್ತಂಭದಂತೆ ತಿರುಗುತ್ತ ಅಪರೂಪಕ್ಕೊಮ್ಮೆ ಭೂಮಿಯತ್ತ ಬೀಸುತ್ತಿದ್ದರೆ ಸಿಕ್ಕೀತು ಎಂಬುದು ಅವರ ಲೆಕ್ಕ. ಸಿಗಲಿಲ್ಲ.

ವಿವರಣೆಗಳಿಗೆ ಬರವಿಲ್ಲ. ಅದು ಧೂಮಕೇತುವಿನ ಹೈಡ್ರೋಜನ್ ಎಂದು 2016ರ ನಂತರ ವಾದವೊಂದು ಬಂತು. ಹಾಗಿದ್ದರೆ ಎರಡೂ ಕೊಂಬುಗಳಲ್ಲಿ ಕಾಣಬೇಕಿತ್ತೆಂದು ಬಿಗ್ ಇಯರ್‌ನ ಹಳಬರು ಒಪ್ಪಲಿಲ್ಲ. 2024ರಲ್ಲಿ ಏಬೆಲ್ ಮೆಂಡೆಜ್ ಮತ್ತು ಜೊತೆಗಾರರು ಅರೆಸಿಬೋ ದೂರದರ್ಶಕದ ಹಳೆಯ ದಾಖಲೆಗಳಲ್ಲಿ ಇದೇ ಬಗೆಯ, ಆದರೆ ಬಹಳ ಕ್ಷೀಣವಾದ ಸಂಕೇತಗಳನ್ನು ಗುರುತಿಸಿದರು. ತಣ್ಣಗಿನ ಹೈಡ್ರೋಜನ್ ಮೋಡವೊಂದು, ಹಿಂದಿನ ಯಾವುದೋ ನಕ್ಷತ್ರದ ಸ್ಫೋಟದಿಂದ ಕ್ಷಣಕಾಲ ಪ್ರಜ್ವಲಿಸಿರಬಹುದು ಎಂಬುದು ಅವರ ಊಹೆ. ಅದು ನಿಜವಾದರೂ ಕಡಿಮೆಯ ಸಂಗತಿಯೇನಲ್ಲ. ಅದನ್ನು ಸಾಬೀತು ಮಾಡಲೂ ಮತ್ತೊಂದು ಮಿಂಚು ಬೇಕು.

ಈ ಎಚ್ಚರ ಮುಂದೆ ಬರಹದಲ್ಲೂ ಬಂತು. 1989ರಲ್ಲಿ ಅಂತರರಾಷ್ಟ್ರೀಯ ಗಗನಯಾನ ಅಕಾಡೆಮಿ ಒಪ್ಪಿದ ನಿಯಮಾವಳಿಯಲ್ಲಿ ಮೊದಲ ಮಾತೇ ಇದು: ಸಂಕೇತ ಸಿಕ್ಕವರು ಊರಿಗೆಲ್ಲ ಹೇಳುವ ಮೊದಲು ಪರೀಕ್ಷಿಸಬೇಕು. 2019ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ, ಸೂರ್ಯನ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ 982 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಬಂದಾಗ ಸೋಫಿಯಾ ಶೇಖ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಅದೇ ಚಹರೆಯ ಸಂಕೇತಗಳು ಬೇರೆ ಆವರ್ತನಗಳಲ್ಲೂ ಸಿಕ್ಕವು. ಅವುಗಳ ನಡುವಿನ ಅಂತರ ಸಾಮಾನ್ಯ ಎಲೆಕ್ಟ್ರಾನಿಕ್ ಉಪಕರಣಗಳೊಳಗಿನ ಆಂದೋಲಕಗಳ ಆವರ್ತನಕ್ಕೆ ಹೊಂದುತ್ತಿತ್ತು. ಸದ್ದು ಮನುಷ್ಯರದೇ ಎಂದು 2021ರಲ್ಲಿ ಅವರೇ ಪ್ರಕಟಿಸಿದರು.

ಬಿಗ್ ಇಯರ್ ಈಗಿಲ್ಲ. ಅದು ನಿಂತಿದ್ದ ನೆಲ ಮಾರಾಟವಾಗಿ, 1998ರಲ್ಲಿ ಗಾಲ್ಫ್ ಮೈದಾನದ ವಿಸ್ತರಣೆಗಾಗಿ ಅದನ್ನು ಕೆಡವಿದರು. ಎಹ್ಮನ್ ಗೆರೆ ಎಳೆದ ಹಾಳೆ ಮಾತ್ರ ಒಹಾಯೊದ ಚರಿತ್ರೆ ಸಂಗ್ರಹದಲ್ಲಿ ಭದ್ರವಾಗಿದೆ. ಅದನ್ನು ಅನ್ಯಲೋಕದ ಪತ್ರವೆಂದು ಹೇಳಿಕೊಂಡಿದ್ದರೆ ಕೆಲಸ ಕಳೆದುಕೊಂಡ ಅಧ್ಯಾಪಕನಿಗೂ ಅನುದಾನ ಕಳೆದುಕೊಂಡ ದೂರದರ್ಶಕಕ್ಕೂ ಆ ಹೊತ್ತಿನಲ್ಲಿ ಲಾಭವೇ ಇತ್ತು. ಇಷ್ಟು ಕಡಿಮೆ ಆಧಾರದಿಂದ ಅಷ್ಟು ದೊಡ್ಡ ಮಾತು ಹೇಳಲಾಗದು ಎಂಬ ನಿಲುವನ್ನು ಎಹ್ಮನ್ ಬಿಡಲಿಲ್ಲ. ಹಾಳೆಯ ಅಂಚಿನಲ್ಲಿ ಒಂದು ಉದ್ಗಾರವಿದೆ. ಅದರ ಕೆಳಗೆ ವಿವರಣೆಯೆಂದು ಅವರು ಏನನ್ನೂ ಬರೆದಿಲ್ಲ.